ಭಾನುವಾರದ ವಿಮಾನ

ಹನ್ನೊಂದು ವರ್ಷಗಳಲ್ಲಿ ಹರದತ್ ಒಂದೇ ಒಂದು ರಾತ್ರಿ ಮನೆಯಿಂದ ಹೊರಗೆ ಮಲಗಿದವನಲ್ಲ. ಕಂಠಮಟ್ಟ ಕುಡಿದರೂ ಮನೆಗೇ ಬರುತ್ತಿದ್ದ, ಯಾರ ಜೊತೆಗೋ ಹೊಡೆದಾಡಿ ತಲೆ ಒಡೆಸಿಕೊಂಡರೂ ಮನೆಗೇ ಬರುತ್ತಿದ್ದ. ಅವರಿದ್ದ ಕೊರೆಂಟೈನ್ ಎಂಬ ಭತ್ತದ ಸೀಮೆಯ ಹೆಂಗಸರು ಅದನ್ನೊಂದು ದೊಡ್ಡ ಗುಣವೆಂದು ಹೊಗಳುತ್ತಿದ್ದರು. "ನಿನ್ನ ಗಂಡ ಮನೆ ಬಿಟ್ಟು ಇರೋನಲ್ಲ ಕಣೇ, ಪುಣ್ಯವಂತೆ ನೀನು" ಎನ್ನುತ್ತಿದ್ದರು. ಸುಮಿಂತ್ರಾ ಸುಮ್ಮನೆ ತಲೆಯಾಡಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅವನಿಲ್ಲದ ಒಂದು ರಾತ್ರಿ. ಒಂದು ರಾತ್ರಿ, ಮತ್ತು ಮರುದಿನದ ಬೆಳಗು.

ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ನದಿ. ನದಿಯ ಆಚೆ ದಡ ಸುರಿನಾಮ್, ಬೇರೆ ದೇಶ. ಪಾಸ್‌ಪೋರ್ಟು ಕೇಳದೆ ಜನರನ್ನು ದಾಟಿಸುವ ಕಳ್ಳದೋಣಿಗಳು ಬೆಳಗಿನ ಹೊತ್ತು ಒಂದರ ಹಿಂದೊಂದು ಹೊರಡುತ್ತವೆ. ಆಚೆಯ ನಿಕೆರಿ ಪಟ್ಟಣದಲ್ಲಿ ಅವಳ ಚಿಕ್ಕಮ್ಮನ ಮಗಳು ಅಕ್ಕಿ ಗಿರಣಿಯೊಂದರ ಆಳುಗಳಿಗೆ ಅಡುಗೆ ಮಾಡಿಕೊಂಡಿದ್ದಳು. "ಮಗೂನ ಕರ್ಕೊಂಡು ಬಂದುಬಿಡು, ಮಿಕ್ಕದ್ದು ನಾನು ನೋಡ್ಕೋತೀನಿ" ಎಂದು ಅವಳು ಹೇಳಿ ವರ್ಷವಾಗಿತ್ತು. ಮಗಳು ಆಲಿಷಾಳಿಗೆ ಏಳು ವರ್ಷ. ಎರಡು ತಿಂಗಳ ಹಿಂದೆ ಸುಮಿಂತ್ರಾ ಹಗಲಲ್ಲೇ ಮಗಳ ಕೈ ಹಿಡಿದು ಹೊರಟಿದ್ದಳು. ದೋಣಿಗಟ್ಟೆಯಲ್ಲಿ ಹರದತ್‌ನ ಭತ್ತದ ಲಾರಿ ಓಡಿಸುವವನು ನೋಡಿ ಫೋನು ಮಾಡಿದ. ಅವಳ ಕೊರಳ ಮೂಳೆ ಮುರಿದದ್ದು ಅಂದು.

ಆಮೇಲೆ ಹಿರಿಯರು ಕೂತರು. ಕಂಬಗಳ ಮೇಲೆ ನಿಂತ ಮನೆಯ ಅಡಿಯ ನೆರಳಲ್ಲಿ ಬೆಂಚು ಹಾಕಿಸಿ, ಪಂಡಿತರು, ಸುಮಿಂತ್ರಾಳ ಅಪ್ಪ, ಇಬ್ಬರು ಸೋದರಮಾವಂದಿರು ರೊಟ್ಟಿ, ಕುಂಬಳಕಾಯಿ ಪಲ್ಯ ತಿಂದು ನ್ಯಾಯ ಹೇಳಿದರು. ಹರದತ್ ರಾಮಾಯಣದ ಮೇಲೆ ಕೈಯಿಟ್ಟು ಇನ್ನು ಮೇಲೆ ಹೊಡೆಯುವುದಿಲ್ಲ ಎಂದ. ಎಲ್ಲರೂ ಅವನನ್ನೇ ಕೇಳಿದರು, ಅವನೂ ಎಲ್ಲದಕ್ಕೂ ಹೂಂಗುಟ್ಟಿದ. ಮೇಲೆ ಅಡುಗೆಮನೆಯಲ್ಲಿ ತೋಳನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದವಳನ್ನು ಯಾರೂ ಏನೂ ಕೇಳಲಿಲ್ಲ. ಹೊರಡುವಾಗ ಪಂಡಿತರು, "ಅವಳನ್ನ ಎಲ್ಲಾದ್ರೂ ಸುತ್ತಾಡಿಸ್ಕೊಂಡು ಬಾರಪ್ಪ, ಮನಸ್ಸು ಹಗುರ ಆಗುತ್ತೆ" ಎಂದರು.

ಆ ಮಾತಿಗೆ ಈ ಬುಧವಾರ. ಕಯ್ಟೂರ್ ಜಲಪಾತ, ಬೆಳಗ್ಗೆ ವಿಮಾನದಲ್ಲಿ ಹೋಗಿ ಮಧ್ಯಾಹ್ನ ವಾಪಸ್. ರಾತ್ರಿ ಉಳಿಯುವ ಪ್ರಶ್ನೆಯೇ ಇಲ್ಲ. ಹರದತ್‌ನ ತಾಯಿ ಬುಧ್ನಿ, "ಸಾಯೋ ಮುಂಚೆ ನಾನೂ ಒಂದ್ಸಲ ನೋಡ್ತೀನಿ" ಎಂದು ಜೊತೆಗೆ ಹೊರಟಳು. ಮಗುವನ್ನು ಹರದತ್‌ನ ತಂಗಿ ಪಾರ್ಬತಿಯ ಮನೆಯಲ್ಲಿ ಬಿಟ್ಟಿದ್ದರು. ಅಣ್ಣ ಇಲ್ಲವೇ ಅಮ್ಮ ಹೇಳಿದರಲ್ಲದೆ ಮಗುವನ್ನು ಯಾರ ಕೈಗೂ ಕೊಡಕೂಡದೆಂದು ಪಾರ್ಬತಿಗೆ ಅಪ್ಪಣೆಯಾಗಿತ್ತು. ಯಾರ ಕೈಗೂ ಎಂದರೆ ಹೆತ್ತವಳ ಕೈಗೂ.

ಜಾರ್ಜ್‌ಟೌನ್ ಪಕ್ಕದ ಪುಟ್ಟ ನಿಲ್ದಾಣದಲ್ಲಿ ಒಬ್ಬೊಬ್ಬರನ್ನಾಗಿ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದರು. ಒಟ್ಟು ಒಂಬತ್ತು ಜನ. ಇವರು ಮೂವರು, ಟ್ರಿನಿಡಾಡ್‌ನಿಂದ ಬಂದಿದ್ದ ಒಂದೇ ಮನೆಯ ಐವರು, ಮತ್ತು ಶಾಲೆಯೊಂದರ ನಿವೃತ್ತ ಹೆಡ್ಮಿಸ್ ಯೂಲಿನ್. ಆಕೆ ಕರಿಯ ದಪ್ಪ ಹೆಂಗಸು, ತಲೆಗೆ ಹಳದಿ ಬಟ್ಟೆ ಕಟ್ಟಿದ್ದಳು.

"ಕ್ಯಾಪ್ಟನ್, ಆ ಅಂಕಿನ ಗಟ್ಟಿಯಾಗಿ ಓದಿದ್ರೆ ನಿಮ್ಮ ಮೇಲೆ ಕೇಸು ಹಾಕ್ತೀನಿ" ಎಂದಳು ಯೂಲಿನ್ ಮಿಸ್.

"ಓದಲ್ಲ ಮಿಸ್. ವಿಮಾನದ ಕಿವೀಲಿ ಮಾತ್ರ ಹೇಳ್ತೀನಿ" ಎಂದ ಪೈಲಟ್, ಕ್ಯಾಪ್ಟನ್ ಫಾರ್ನಮ್. ಬಿಳಿಗೂದಲಿನ, ಗಿಡ್ಡನೆಯ, ಅವಸರವಿಲ್ಲದ ಮನುಷ್ಯ.

ಹರದತ್‌ಗೆ ಪೈಲಟ್‌ನ ಪಕ್ಕದ ಸೀಟು ಬೇಕಾಗಿತ್ತು. ಊರಲ್ಲಿ ಅವನಿಗೆ ಎರಡು ಭತ್ತ ಕೊಯ್ಯುವ ಯಂತ್ರ, ಮೂರು ಲಾರಿ. ಎಲ್ಲಿ ಹೋದರೂ ಮುಂದಿನ ಕುರ್ಚಿ ತಾನಾಗಿ ಖಾಲಿಯಾಗುತ್ತಿತ್ತು. ಫಾರ್ನಮ್ ಕಾಗದ ನೋಡಿ, "ನಿಮ್ಮ ತೂಕ ಹಿಂದೆ ಬೇಕು. ನಾಲ್ಕನೇ ಸಾಲು" ಎಂದ.

"ನಾನು ಯಾರು ಗೊತ್ತಾ ನಿಮಗೆ?"

"ನೂರಾ ಏಳು ಕಿಲೋ" ಎಂದ ಫಾರ್ನಮ್. "ಈ ವಿಮಾನದಲ್ಲಿ ಯಾರು ಎಲ್ಲಿ ಕೂರ್ಬೇಕು, ಯಾರು ಕೂರ್ಬಾರ್ದು, ಎರಡನ್ನೂ ಹೇಳೋನು ನಾನೊಬ್ಬನೇ ಸಾರ್. ಬನ್ನಿ."

ಟ್ರಿನಿಡಾಡ್‌ನವರು ನಕ್ಕರು. ಹರದತ್ ಕೂಡ ನಕ್ಕ. ನಗುತ್ತಲೇ ಹೆಂಡತಿಯ ರವಿಕೆಯ ತೋಳಿನೊಳಗೆ ಎರಡು ಬೆರಳು ತೂರಿಸಿ, ಒಳತೋಳಿನ ಮೆತ್ತನೆಯ ಚರ್ಮವನ್ನು ಹಿಡಿದು ನಿಧಾನವಾಗಿ ತಿರುಚಿದ. ಅವಳ ಪಕ್ಕದ ಸೀಟಿನಲ್ಲಿ ಕೂತ ಮೇಲೂ ಬಿಡಲಿಲ್ಲ. ವಿಮಾನ ಮೇಲೇರಿ, ಭತ್ತದ ಗದ್ದೆ ಮುಗಿದು ಕಾಡು ಶುರುವಾಗುವವರೆಗೂ ಅವನ ಬೆರಳು ಅಲ್ಲೇ ಇತ್ತು.

ಒಂದು ಗಂಟೆಯ ಕಾಡು. ಆಮೇಲೆ ಬಂಡೆಯ ಹಾಸು, ಅದರ ಮೇಲೊಂದು ಕೆಂಪು ಮಣ್ಣಿನ ಪಟ್ಟಿ. ಇಳಿದಾಗ ಕಾಯುತ್ತಿದ್ದವನು ಸಿಪ್ರಿಯನ್ ಎಂಬ ಕಾವಲುಗಾರ. ಅಲ್ಲಿಯ ಮೂಲನಿವಾಸಿ ಪಟಮೋನಾ ಜನದವನು, ಸಣ್ಣ ಆಳು, ಸೊಂಟದಲ್ಲಿ ಮಚ್ಚು, ಭುಜದಲ್ಲಿ ರೇಡಿಯೋ. ಮಾತಾಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಅಂಚಿಂದ ಎಂಟು ಅಡಿ ಹಿಂದೆ ನಿಲ್ಬೇಕು. ಬೇಲಿ ಇಲ್ಲ. ಬಗ್ಗಿ ನೋಡ್ಬೇಕು ಅನ್ನೋರು ಹೊಟ್ಟೆ ಮೇಲೆ ಮಲಗಿ ತೆವಳ್ಬೇಕು. ನಾನು ಕಾಲು ಹಿಡ್ಕೋತೀನಿ. ಇದುವರೆಗೆ ಯಾರ್ನೂ ಬಿಟ್ಟಿಲ್ಲ."

"ನನ್ನ ಕಾಲು ಹಿಡಿಯೋಕೆ ಇಬ್ಬರು ಬೇಕಪ್ಪ" ಎಂದಳು ಯೂಲಿನ್ ಮಿಸ್.

ಕಾಲುದಾರಿಯ ಎರಡೂ ಕಡೆ ಆಳೆತ್ತರದ ಅನಾನಸ್ ಜಾತಿಯ ಗಿಡಗಳು. ಎಲೆಗಳ ಬುಡದಲ್ಲಿ ನಿಂತ ನೀರಿನಲ್ಲಿ ಉಗುರಿನಷ್ಟೇ ಇದ್ದ ಚಿನ್ನದ ಬಣ್ಣದ ಕಪ್ಪೆಯನ್ನು ಸಿಪ್ರಿಯನ್ ತೋರಿಸಿದ. ಬುಧ್ನಿ ಬಗ್ಗಿ ನೋಡಿ, "ಅಯ್ಯೋ ಶಿವನೇ, ಇಷ್ಟೇನಾ?" ಎಂದಳು. ಹರದತ್ ಅದನ್ನು ಮುಟ್ಟಹೋದ. "ವಿಷ" ಎಂದ ಸಿಪ್ರಿಯನ್, ಅಷ್ಟೇ.

ಯೂಲಿನ್ ಮಿಸ್ ಏದುಸಿರು ಬಿಡುತ್ತ ಕೇಳಿದಳು: "ಅಲ್ಲಪ್ಪಾ, ನಾನು ಹೀಗೆ ಕುಂಟ್ಕೊಂಡು ಹೋಗಿ ವಿಮಾನ ತಪ್ಪಿಸ್ಕೊಂಡ್ರೆ?"

"ಭಾನುವಾರ ಇನ್ನೊಂದು ಬರುತ್ತೆ."

"ಭಾನುವಾರ! ಅಲ್ಲೀವರೆಗೆ?"

"ನಮ್ಮ ಜೊತೆ ಮರಗೆಣಸಿನ ರೊಟ್ಟಿ ತಿನ್ನೋದು." ಸಿಪ್ರಿಯನ್ ಮೊದಲ ಸಲ ನಕ್ಕ. "ಹೋದ ವರ್ಷ ಒಬ್ಬ ಕುಡಿದು ಕ್ಯಾಪ್ಟನ್ ಮೇಲೆ ಕೈ ಮಾಡ್ದ. ಅಂಥೋರ್ನ ಗಾಳೀಲಿ ಒಯ್ಯಲ್ಲ ಅಂತ ಬಿಟ್ಟು ಹೋದ್ರು. ನಡ್ಕೊಂಡೇ ಹೋಗ್ತೀನಿ ಅಂದ. ಹೋಗಪ್ಪ ಅಂದೆ. ಸಂಜೆಗೆ ವಾಪಸ್ ಬಂದ, ಮೈ ತುಂಬ ಹುಳ ಕಚ್ಚಿಸ್ಕೊಂಡು. ನಾಲ್ಕು ದಿನ ತೂಗುಹಾಸಿಗೇಲಿ ಬಿದ್ದಿದ್ದ."

ಎಲ್ಲರೂ ನಕ್ಕರು. ಹಿಂದೆ ಬರುತ್ತಿದ್ದ ಸುಮಿಂತ್ರಾ ನಗಲಿಲ್ಲ. ಬುಧವಾರ, ಗುರುವಾರ, ಶುಕ್ರವಾರ, ಶನಿವಾರ ಎಂದು ಮನಸ್ಸಿನಲ್ಲೇ ಎಣಿಸಿದಳು. ನಾಲ್ಕು ರಾತ್ರಿ. ಅವಳಿಗೆ ಬೇಕಾಗಿದ್ದದ್ದು ಒಂದು. ಹಾಗೆ ಎಣಿಸಿದ್ದಕ್ಕೇ ಹೆದರಿ, ಅವನಿಗೆ ಎಲ್ಲಿ ಕೇಳಿಸಿತೋ ಎಂಬಂತೆ ಗಂಡನ ಬೆನ್ನು ನೋಡಿದಳು.

ಜಲಪಾತದ ಸದ್ದು ಮೊದಲು ಅಂಗಾಲಿಗೆ ಬಂತು, ಆಮೇಲೆ ಕಿವಿಗೆ. ಮರಗಳು ಸರಿದವು. ಚಹಾದ ಬಣ್ಣದ ನದಿ ಬಂಡೆಯ ತುದಿಯವರೆಗೂ ಸಮಾಧಾನವಾಗಿ ಬಂದು, ತುದಿಯಲ್ಲಿ ಒಮ್ಮೆಗೇ ಇಲ್ಲವಾಗುತ್ತಿತ್ತು. ಏಳುನೂರು ಅಡಿ ಕೆಳಗೆ ಬರೀ ಹೊಗೆ. ಒಂದು ದಿಬ್ಬವೂ ಇಲ್ಲದ ಸೀಮೆಯಿಂದ ಬಂದ ಬುಧ್ನಿ ಅಲ್ಲೇ ಬಂಡೆಯ ಮೇಲೆ ಕೂತು ಕೈಮುಗಿದಳು. ಟ್ರಿನಿಡಾಡ್‌ನವರು ಒಬ್ಬೊಬ್ಬರಾಗಿ ತೆವಳಿ ಬಗ್ಗಿ ನೋಡಿ ಕಿರುಚಿ ಹಿಂದೆ ಬಂದರು. ಸಿಪ್ರಿಯನ್ ಪ್ರತಿಯೊಬ್ಬರ ಹಿಮ್ಮಡಿಯನ್ನೂ ಎರಡು ಕೈಯಲ್ಲಿ ಹಿಡಿದು ಮಂಡಿಯೂರಿ ಕೂತಿದ್ದ.

"ಈಗ ನೀನು" ಎಂದ ಹರದತ್.

"ನಂಗೆ ಬೇಡ."

"ಮಲ್ಕೋ ಅಂದೆ." ಸಿಪ್ರಿಯನ್ ಮುಂದೆ ಬಂದಾಗ ಹರದತ್ ಅವನ ಎದೆಗೆ ಕೈ ಅಡ್ಡ ಇಟ್ಟ. "ನನ್ನ ಹೆಂಡ್ತಿ ಕಾಲು ಬೇರೆಯೋರು ಹಿಡಿಯೋದು ಬೇಡ. ನಾನೇ ಹಿಡೀತೀನಿ."

ಅವಳು ಹೊಟ್ಟೆಯ ಮೇಲೆ ತೆವಳಿದಳು. ಒದ್ದೆ ಬಂಡೆ ಎದೆಗೆ ತಣ್ಣಗೆ ಒತ್ತಿತು. ಗಲ್ಲ ಅಂಚು ದಾಟಿತು. ಕೆಳಗಿನಿಂದ ಗಾಳಿ ಮುಖಕ್ಕೆ ನೀರು ಎರಚಿತು. ಸಾಕು ಎಂದು ಹಿಂದೆ ಸರಿಯಹೋದಾಗ ಹಿಮ್ಮಡಿಯ ಮೇಲಿನ ಹಿಡಿತ ಅವಳನ್ನು ಮುಂದಕ್ಕೆ ನೂಕಿತು. ಒಂದು ಗೇಣು. ಭುಜ ಅಂಚು ದಾಟಿತು. ಇನ್ನೊಂದು ಗೇಣು. ಎದೆಯ ಕೆಳಗೆ ಬಂಡೆ ಇರಲಿಲ್ಲ. ಅವಳ ಕೈಗಳು ಹಿಡಿಯಲು ಏನನ್ನೋ ಹುಡುಕಿದವು, ಏನೂ ಸಿಗಲಿಲ್ಲ. ಮೇಲಿನಿಂದ, ಆ ಸದ್ದಿನಲ್ಲೂ ಅವಳಿಗೆ ಕೇಳಿಸುವಷ್ಟು ಬಗ್ಗಿ, ಅವನು ಹೇಳಿದ:

"ಬಿಟ್ಬಿಟ್ರೆ ನಿಮ್ಮಪ್ಪಂಗೆ ಏನು ಹೇಳ್ಲಿ? ಜಾರ್ಬಿಟ್ಳು ಅಂತೀನಿ. ಮೆಟ್ಲ ಮೇಲೆ ಜಾರಿದ್ಯಲ್ಲ, ಹಂಗೇನೆ."

ಎರಡು ವರ್ಷದ ಹಿಂದೆ ಅವಳು ಆರು ತಿಂಗಳ ಬಸುರಿ. ಗಂಡುಮಗು. ಹರದತ್ ಎರಡು ಸಲ ಹೊಟ್ಟೆಗೆ ಒದ್ದಿದ್ದ, ಬೂಟುಗಾಲಲ್ಲಿ. ಆಮೇಲೆ ತಾನೇ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಮನೆಯ ಮೆಟ್ಟಿಲು ಮಳೆಗೆ ಪಾಚಿಗಟ್ಟಿತ್ತು, ಜಾರಿದಳು ಎಂದು ಅವನು ಹೇಳಿದ. ಅವಳೂ ಹಾಗೇ ಹೇಳಿದಳು. ಡಾಕ್ಟರಿಗೆ, ಅಪ್ಪನಿಗೆ, ಅತ್ತೆಗೆ. ಬುಧ್ನಿ ಆ ಮಗುವನ್ನು ತಲೆಗೆ ಹೊದೆಯುವ ತನ್ನ ಹಳೆಯ ಓಢಣಿಯಲ್ಲಿ ಸುತ್ತಿ ಮನೆಯ ಹಿಂದಿನ ನೇರಳೆ ಮರದಡಿ ಮಣ್ಣು ಮಾಡಿದ್ದಳು. ಮರುವಾರವೇ ಬಡಗಿಯನ್ನು ಕರೆಸಿ, ತಾನೇ ನಿಂತು ಆ ಮೆಟ್ಟಿಲುಗಳನ್ನು ಕೀಳಿಸಿ ಸುಟ್ಟು, ಹೊಸದು ಹಾಕಿಸಿದ್ದಳು. "ಪಾಪಿ ಮೆಟ್ಲು, ನನ್ನ ಮೊಮ್ಮಗನ್ನ ತಿಂತು" ಎಂದು ಇಂದಿಗೂ ಬಯ್ಯುತ್ತಿದ್ದಳು. ಪ್ರತಿ ಸಲ ಆ ಬೈಗುಳ ಕೇಳಿದಾಗ ಸುಮಿಂತ್ರಾ ಒಳಗೆ ಹೋಗಿ ಏನಾದರೊಂದು ಪಾತ್ರೆ ತೊಳೆಯುತ್ತಿದ್ದಳು.

"ಸಾಕು, ಎಳೀರಿ" ಎಂದ ಸಿಪ್ರಿಯನ್.

ಹರದತ್ ಎಳೆಯಲಿಲ್ಲ. ಸಿಪ್ರಿಯನ್ ಬಗ್ಗಿ ಅವಳ ಲಂಗದ ಸೊಂಟಪಟ್ಟಿಗೆ ಕೈ ಹಾಕಿ ಒಂದೇ ಸಲಕ್ಕೆ ಹಿಂದಕ್ಕೆಳೆದ. ಬಂಡೆ ಉಜ್ಜಿ ಅವಳ ಗಲ್ಲದ ಚರ್ಮ ಸುಲಿಯಿತು. ಅವಳು ತಿರುಗಿ ಕೂತಾಗ ಹರದತ್ ನಗುತ್ತಿದ್ದ. ಹತ್ತು ಹೆಜ್ಜೆ ಆಚೆ ಬುಧ್ನಿ ಮುಗಿದಿದ್ದ ಕೈಗಳನ್ನು ಹಾಗೇ ಎದೆಗೆ ಹಿಡಿದು ಮಗನ ಮುಖವನ್ನೇ ನೋಡುತ್ತಿದ್ದಳು.

ಊಟ ಕಾವಲುಮನೆಯ ಜಗಲಿಯಲ್ಲಿ. ಬುಧ್ನಿ ಮನೆಯಿಂದ ತಂದಿದ್ದ ರೊಟ್ಟಿ, ಕೋಳಿ ಸಾರಿನ ಡಬ್ಬಿ ಬಿಚ್ಚಿದಳು. ಹರದತ್ ತನ್ನ ಪುಟ್ಟ ರಮ್ ಬಾಟಲಿ ಬಿಚ್ಚಿದ.

"ಅವಳ ಕಾಲು ಯಾಕೆ ಹಂಗೆ ನೂಕ್ದೆ?" ಎಂದಳು ಬುಧ್ನಿ, ರೊಟ್ಟಿ ಮುರಿಯುತ್ತ.

"ತಮಾಷೆಗೆ ಮಾಯಿ."

"ಅಂಥಾ ತಮಾಷೆ ನಾನು ನೋಡಿಲ್ಲ."

"ಈಗ ನೋಡಿದ್ಯಲ್ಲ, ಬಿಡು. ಉಣ್ಣು."

ಸುಮಿಂತ್ರಾ ಉಣ್ಣಲಿಲ್ಲ. ಗಲ್ಲದ ರಕ್ತವನ್ನು ಬೆರಳಿನಿಂದ ಒರೆಸಿಕೊಳ್ಳುತ್ತ ಕೂತಿದ್ದಳು. ಇನ್ನು ತಡವಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಇಂದು ಅವನು ರುಚಿ ನೋಡಿದ್ದ. ಅವಳ ದೇಹದ ಭಾರ ಅವನ ಎರಡು ಕೈಯಲ್ಲಿ ಎಷ್ಟಿತ್ತು, ಬಿಡುವುದು ಎಷ್ಟು ಸುಲಭ ಎಂಬುದನ್ನು ಅವನ ಕೈ ಕಲಿತುಬಿಟ್ಟಿತ್ತು. ಮನೆಯಲ್ಲಿ ಬಂಡೆಯ ಅಂಚಿಲ್ಲ. ಆದರೆ ಕಾಲುವೆ ಇದೆ, ಯಂತ್ರಗಳಿವೆ, ಮೆಟ್ಟಿಲಿದೆ.

ಎರಡು ಗಂಟೆಗೆ ಕಣಿವೆಯ ಕಡೆಯಿಂದ ಮೋಡ ಏರತೊಡಗಿತು. ಫಾರ್ನಮ್ ವಿಮಾನದ ಬಾಗಿಲು ತೆಗೆದು, "ಬೇಗ ಬೇಗ, ಇನ್ನು ಕಾಲು ಗಂಟೇಲಿ ಇಲ್ಲಿ ಏನೂ ಕಾಣಿಸಲ್ಲ" ಎಂದು ಕೂಗುತ್ತಿದ್ದ. ಟ್ರಿನಿಡಾಡ್‌ನವರು ಹತ್ತಿದರು. ಬುಧ್ನಿಯನ್ನು ಸಿಪ್ರಿಯನ್ ಕೈಹಿಡಿದು ಮೆಟ್ಟಿಲ ಬಳಿ ನಿಲ್ಲಿಸಿದ್ದ.

ಹನ್ನೊಂದು ವರ್ಷ ಸುಮಿಂತ್ರಾ ಗಂಡನ ಮುಖವನ್ನು ಆಕಾಶ ನೋಡಿದ ಹಾಗೆ ನೋಡಿದ್ದಳು. ಯಾವ ಮಾತಿಗೆ ಗುಡುಗುತ್ತಾನೆ, ಯಾವುದಕ್ಕೆ ಸಿಡಿಲು, ಎಷ್ಟು ದೂರ ನಿಂತರೆ ಬಚಾವು, ಎಲ್ಲವೂ ಗೊತ್ತಿತ್ತು. ಆ ವಿದ್ಯೆಯೆಲ್ಲ ಹೊಡೆತ ತಪ್ಪಿಸಿಕೊಳ್ಳುವುದಕ್ಕೆ ಕಲಿತದ್ದು. ಅದನ್ನೇ ತಿರುವಿ ಹಾಕಿದರೆ ಹೊಡೆತ ಬರುತ್ತದೆ ಎಂಬುದೂ ಗೊತ್ತಿತ್ತು.

"ಹತ್ತು" ಎಂದ ಹರದತ್.

"ಹತ್ತಲ್ಲ."

"ಏನಂದೆ?"

ಅವಳು ಅತ್ತೆಯ ಕಡೆ ತಿರುಗಿದಳು. ಧ್ವನಿಯನ್ನು ಮಾತ್ರ ವಿಮಾನದೊಳಗಿನವರಿಗೂ ಕೇಳಿಸುವಷ್ಟು ಎತ್ತಿದಳು. ತನ್ನ ಧ್ವನಿ ಅಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ.

"ಅವತ್ತು ನಾನು ಮೆಟ್ಲ ಮೇಲೆ ಜಾರ್ಲಿಲ್ಲ, ಮಾಯಿ. ನಿಮ್ಮ ಮಗ ಒದ್ದ. ಹೊಟ್ಟೆಗೆ. ಎರಡು ಸಲ. ನಿಮ್ಮ ಮೊಮ್ಮಗ ಸತ್ತದ್ದು ಅದಕ್ಕೆ."

ಅವನ ಎಡಗಾಲು ಒಂದು ಹೆಜ್ಜೆ ಮುಂದೆ ಬಂತು. ಎಡಗಾಲು ಮುಂದೆ ಬಂದರೆ ಹಿಂದೆಯೇ ಬಲಗೈ ಬರುತ್ತದೆ. ಅದನ್ನು ಕಂಡೊಡನೆ ಮುಖ ತಿರುಗಿಸುವುದು ಅವಳಿಗೆ ಉಸಿರಿನಷ್ಟು ಅಭ್ಯಾಸವಾಗಿತ್ತು. ಈ ಸಲ ತಿರುಗಿಸಲಿಲ್ಲ. ಮುಷ್ಟಿ ಬಾಯಿಗೆ ಬಿತ್ತು. ಕೆಂಪು ಮಣ್ಣು ಎದ್ದು ಬಂದು ಅವಳ ಬೆನ್ನಿಗೆ ಅಪ್ಪಳಿಸಿತು. ನಾಲಗೆಯ ಮೇಲೆ ಎರಡು ಹಲ್ಲು ಕಲ್ಲಿನಂತೆ ಉರುಳಾಡಿದವು.

"ಏಯ್! ಏಯ್!" ಫಾರ್ನಮ್ ಓಡಿಬಂದು ನಡುವೆ ನಿಂತ.

"ಇದು ನಮ್ಮನೆ ವಿಷ್ಯ" ಎಂದ ಹರದತ್, ಎರಡೂ ಕೈ ಮೇಲೆತ್ತಿ, ಉಸಿರು ಬಿಗಿಹಿಡಿದು. "ಅವಳಿಗೆ ಆಗಾಗ ತಲೆ ಕೆಡುತ್ತೆ. ಮುಗೀತು. ನಡೀರಿ."

ಫಾರ್ನಮ್ ಮೋಡದ ಕಡೆ ನೋಡಿದ, ಕೈಗಡಿಯಾರ ನೋಡಿದ, ಅವಳ ಬಾಯಿ ನೋಡಿದ. "ಕೆಳಗೆ ಹೋಗಿ ಪೊಲೀಸರಿಗೆ ಹೇಳೋಣ. ಈಗ ಎಲ್ರೂ ಹತ್ತಿ. ಆಯಮ್ಮನ್ನ ಮುಂದೆ ಕೂರ್ಸಿ, ಇವರನ್ನ ಹಿಂದೆ."

ಸುಮಿಂತ್ರಾಳಿಗೆ ಅರ್ಥವಾಯಿತು. ಒಂದು ಹೊಡೆತ ಸಾಲಲಿಲ್ಲ. ಅವನೂ ಹತ್ತುತ್ತಾನೆ. ಒಂದು ಗಂಟೆ ಅವಳ ಹಿಂದೆ ಕೂತಿರುತ್ತಾನೆ. ಪೊಲೀಸರು ಒಂದು ಕಾಗದ ಬರೆದುಕೊಳ್ಳುತ್ತಾರೆ. ರಾತ್ರಿ ಅವನು ಮನೆಗೆ ಬರುತ್ತಾನೆ, ಯಾವಾಗಲೂ ಬರುವ ಹಾಗೆ.

ಅವಳು ಮೊಣಕಾಲಿನ ಮೇಲೆ ಎದ್ದಳು. ಹಲ್ಲುಗಳನ್ನು ಉಗುಳಿದಳು. ಮಾತು ತೊದಲಿತು, ಆದರೆ ಕೇಳಿಸಿತು.

"ಒದ್ದ ಮೇಲೆ ಇವನು ಅತ್ತ, ಮಾಯಿ. ನೆಲದ ಮೇಲೆ ಬಿದ್ದು ನನ್ನ ಕಾಲು ಹಿಡ್ಕೊಂಡ. ಮಾಯಿಗೆ ಹೇಳ್ಬೇಡ, ಮಾಯಿಗೆ ಹೇಳ್ಬೇಡ ಅಂತ ಮಕ್ಕಳ ಥರ ಅತ್ತ. ಉಚ್ಚೆ ಹೊಯ್ಕೊಂಡ."

ಆಮೇಲೆ ನಡೆದದ್ದು ಅವಳಿಗೆ ತುಂಡು ತುಂಡಾಗಿ ಮಾತ್ರ ತಿಳಿಯಿತು. ಹರದತ್ ಫಾರ್ನಮ್‌ನನ್ನು ಒಂದು ಚೀಲದ ಹಾಗೆ ಪಕ್ಕಕ್ಕೆ ಎಸೆದ. ಬೂಟು ಅವಳ ಪಕ್ಕೆಗೆ ಬಿತ್ತು, ಒಳಗೆ ಏನೋ ಲಟಕ್ಕೆಂದಿತು. ಅವನ ಭಾರವೆಲ್ಲ ಅವಳ ಮೇಲೆ ಬಂತು, ಎರಡು ಹೆಬ್ಬೆರಳು ಗಂಟಲಿಗೆ ಇಳಿದವು. ಅವನ ಕಣ್ಣು ಗೇಣು ದೂರದಲ್ಲಿತ್ತು. ಅದರಲ್ಲಿ ಸಿಟ್ಟು ಕೂಡ ಇರಲಿಲ್ಲ, ಕೆಲಸ ಮುಗಿಸುವವನ ಏಕಾಗ್ರತೆ ಇತ್ತು. ಸಿಪ್ರಿಯನ್ ಮಚ್ಚಿನ ಮಗ್ಗುಲಿನಿಂದ ಅವನ ಬೆನ್ನಿಗೆ ಬಾರಿಸಿದ. ಒಂದು ಸಲ, ಮತ್ತೊಂದು ಸಲ. ಹರದತ್ ಒಂದು ಕೈ ಬಿಟ್ಟು ನೆಲದಿಂದ ಕಲ್ಲೊಂದನ್ನು ಎತ್ತಿ ಹಿಂದಕ್ಕೆ ಬೀಸಿದ. ಸಿಪ್ರಿಯನ್‌ನ ಹುಬ್ಬು ಒಡೆದು ಮುಖದ ಅರ್ಧ ಕೆಂಪಾಯಿತು. ಸಿಪ್ರಿಯನ್ ಮಚ್ಚನ್ನು ತಿರುಗಿಸಿ, ಹಿಡಿಯ ಕಡೆಯಿಂದ, ಕಲ್ಲು ಹಿಡಿದಿದ್ದ ಕೈಯ ಮಣಿಕಟ್ಟಿಗೆ ಹೊಡೆದ. ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು.

ಟ್ರಿನಿಡಾಡ್‌ನ ಗಂಡಸರು ಮೂವರೂ ಇಳಿದುಬಂದರು. ಯೂಲಿನ್ ಮಿಸ್ ಬಂದು ಅವನ ಕಾಲುಗಳ ಮೇಲೆ ಕೂತೇಬಿಟ್ಟಳು. ಸಾಮಾನು ಬಿಗಿಯುವ ಪಟ್ಟಿಯಿಂದ ಅವನನ್ನು ಸುತ್ತಿ ಕಾವಲುಮನೆಯ ಕಂಬಕ್ಕೆ ಕಟ್ಟಿದರು. ಫಾರ್ನಮ್‌ನ ತುಟಿ ಸೀಳಿತ್ತು. ಅವನು ಪಟ್ಟಿಯನ್ನು ಎರಡು ಸಲ ಎಳೆದು ನೋಡಿದ.

"ಇವನನ್ನ ನಾನು ಒಯ್ಯಲ್ಲ. ಸಿಪ್ರಿಯನ್, ನೀನೂ ಬಾ. ಆ ಹುಬ್ಬಿಗೆ ಹೊಲಿಗೆ ಬೇಕು."

"ಬೇಡ ಕ್ಯಾಪ್ಟನ್. ಹೊಲಿಗೆ ನನ್ನ ಹೆಂಡ್ತಿ ಹಾಕ್ತಾಳೆ. ಇವನ ಕೈಗೆ ದಬ್ಬೆ ಕಟ್ತೀನಿ." ಸಿಪ್ರಿಯನ್ ರಕ್ತವನ್ನು ಕಣ್ಣಿನಿಂದ ಸರಿಸಿದ. "ಊರಿಂದ ಇನ್ನಿಬ್ಬರು ಬರ್ತಾರೆ. ರೇಡಿಯೋ ನನ್ನ ಹತ್ರಾನೇ ಇರುತ್ತೆ. ಭಾನುವಾರ ಪೊಲೀಸರನ್ನ ಕರ್ಕೊಂಡು ಬನ್ನಿ."

ಹರದತ್ ಮೊದಲು ಬೈದ. ಅವರ ಜಾತಿ, ಅವರ ತಾಯಂದಿರು, ಅವನಿಗೆ ಗೊತ್ತಿದ್ದ ಮಂತ್ರಿಗಳು. ಆಮೇಲೆ ಧ್ವನಿ ಬದಲಾಯಿತು. "ಮಾಯಿ, ಹೇಳು ಇವರಿಗೆ. ಮಾಯಿ, ನನ್ನ ಕೈ. ಮಾಯಿ!"

ಬುಧ್ನಿ ಇಷ್ಟು ಹೊತ್ತೂ ವಿಮಾನದ ಮೆಟ್ಟಿಲ ಬಳಿ ನಿಂತ ಕಡೆಯೇ ನಿಂತಿದ್ದಳು. ಈಗ ನಿಧಾನವಾಗಿ ನಡೆದು ಬಂದಳು. ಮಗನ ಮುಂದೆ ನಿಂತಳು. ರೊಟ್ಟಿ ಉಳಿದಿದ್ದ ಡಬ್ಬಿಯನ್ನು ಅವನ ಕಾಲ ಬಳಿ ಇಟ್ಟು, ಮುಚ್ಚಳ ಸಡಿಲವಾಗಿದ್ದದ್ದನ್ನು ಬಗ್ಗಿ ಒತ್ತಿದಳು. ತಿರುಗಿ ಬಂದು ವಿಮಾನ ಹತ್ತಿದಳು.

"ಅಜ್ಜಿ, ನೀವು ಮಗನ ಜೊತೆ ಉಳೀತೀರಾ?" ಎಂದು ಫಾರ್ನಮ್ ಕೇಳಿದ. ಅವಳು ಪಟ್ಟಿ ಕಟ್ಟಿಕೊಳ್ಳಲು ಬಾರದೆ ಅದರ ಎರಡು ತುದಿಗಳನ್ನು ಹಿಡಿದು ಕೂತಿದ್ದಳು. ಅವನೇ ಕಟ್ಟಿದ.

ವಿಮಾನ ಮೋಡದೊಳಗೆ ನುಗ್ಗಿ ಆಚೆ ಬಂತು. ಸುಮಿಂತ್ರಾಳ ಒಂದು ಕಣ್ಣು ಊದಿ ಮುಚ್ಚಿತ್ತು. ಉಸಿರೆಳೆದರೆ ಪಕ್ಕೆಯಲ್ಲಿ ಚೂರಿ ಹೊರಳುತ್ತಿತ್ತು. ಯೂಲಿನ್ ಮಿಸ್ ತನ್ನ ಹಳದಿ ತಲೆಬಟ್ಟೆಯನ್ನು ಬಿಚ್ಚಿ ಅವಳ ಬಾಯಿಗೆ ಒತ್ತಲು ಕೊಟ್ಟಿದ್ದಳು. ಪಕ್ಕದಲ್ಲಿ ಅತ್ತೆ ನೇರವಾಗಿ ಮುಂದಿನ ಸೀಟಿನ ಬೆನ್ನನ್ನು ನೋಡುತ್ತ ಕೂತಿದ್ದಳು. ಗೆದ್ದೆನೋ ಇಲ್ಲವೋ ಸುಮಿಂತ್ರಾಳಿಗೆ ಗೊತ್ತಾಗಲಿಲ್ಲ. ನಾಲ್ಕು ರಾತ್ರಿಗಳು ಕೈಗೆ ಬಂದಿದ್ದವು. ಮಗು ಮಾತ್ರ ಪಾರ್ಬತಿಯ ಮನೆಯಲ್ಲಿತ್ತು. ಈ ಮುದುಕಿ ಒಂದು ಮಾತು ಆಡದಿದ್ದರೆ ಆ ಮನೆಯ ಗೇಟು ತೆರೆ­ಯುವುದಿಲ್ಲ. ಅವಳ ಮಗನನ್ನು ಈಗಷ್ಟೇ ಕಂಬಕ್ಕೆ ಕಟ್ಟಿಸಿ ಬಂದಾಗಿತ್ತು.

ಕಾಡು ಮುಗಿದು ಗದ್ದೆಗಳು ಕಂಡಾಗ ಬುಧ್ನಿ ತಿರುಗಿದಳು. ತಿರುಗಿ, ಸೊಸೆಯ ಊದಿರದ ಕೆನ್ನೆಗೆ ರಪ್ಪನೆ ಬಾರಿಸಿದಳು.

ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸುಮಿಂತ್ರಾ ಕಣ್ಣು ಮುಚ್ಚಿಕೊಂಡಳು.

"ಎರಡು ವರ್ಷ" ಎಂದಳು ಬುಧ್ನಿ, ಅವಳ ಕಿವಿಗೆ ಬಾಯಿಟ್ಟು. "ಎರಡು ವರ್ಷ ಮರದ ಮೆಟ್ಲಿಗೆ ಶಾಪ ಹಾಕಿದೆನಲ್ಲೇ. ಒಲೆಗೆ ಹಾಕಿ ಸುಟ್ಟೆನಲ್ಲೇ. ನೀನು ಒಳಗೆ ನಿಂತು ಕೇಳಿಸ್ಕೊಂಡೆ. ನನಗೆ ಒಂದು ಮಾತು ಹೇಳ್ಲಿಲ್ಲ."

ಅವಳ ಬಾಯಿಂದ ರೊಟ್ಟಿಯ, ಹಳೆಯ ಹಲ್ಲಿನ ವಾಸನೆ ಬರುತ್ತಿತ್ತು. ಹೊಡೆದ ಕೈ ಸೊಸೆಯ ತೊಡೆಯ ಮೇಲೆ ಬಿದ್ದಿತ್ತು, ತೆಗೆಯಲು ಮರೆತ ಹಾಗೆ. ಸುಮಿಂತ್ರಾ ಅದನ್ನು ಮುಟ್ಟಲಿಲ್ಲ.

ನಿಲ್ದಾಣದಲ್ಲಿ ಇಳಿದಾಗ ಮೂರೂವರೆ. ಬಿಸಿಲು ಇನ್ನೂ ಜೋರಾಗಿತ್ತು. ಫಾರ್ನಮ್ ಪೊಲೀಸರಿಗೆ ಫೋನು ಮಾಡಲು ಒಳಗೆ ಹೋದ. "ಮೊದಲು ಆಸ್ಪತ್ರೆ" ಎಂದಳು ಯೂಲಿನ್ ಮಿಸ್, "ನಾನೇ ಕರ್ಕೊಂಡು ಹೋಗ್ತೀನಿ ಮಗಳೇ. ಆ ಪಕ್ಕೆ ನೋಡಿಸ್ದೆ ಎಲ್ಲಿಗೂ ಹೋಗೋ ಹಾಗಿಲ್ಲ."

"ಆಸ್ಪತ್ರೆ ಎಷ್ಟು ಹೊತ್ತು?" ಎಂದು ಕೇಳಿದವಳು ಬುಧ್ನಿ.

"ಎರಡು ಗಂಟೆ, ಮೂರು ಗಂಟೆ."

"ಆಮೇಲೆ ನಮ್ಮೂರಿಗೆ, ಬರ್ಬಿಸ್ ಕಡೆಗೆ ಬಸ್ಸಿದ್ಯಾ?"

"ಇರುತ್ತೆ. ಯಾಕೆ?"

ಬುಧ್ನಿ ಕೈ ಚಾಚಿದಳು. ಯೂಲಿನ್ ಮಿಸ್‌ಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ತನ್ನ ಫೋನು ಕೊಟ್ಟಳು. ನಂಬರನ್ನು ಬುಧ್ನಿ ಬಾಯಿಪಾಠ ಹೇಳಿದಳು, ಯೂಲಿನ್ ಮಿಸ್ ಒತ್ತಿದಳು.

"ಪಾರ್ಬತಿ? ನಾನು ಮಾಯಿ ಕಣೇ… ಹೂಂ ನೋಡ್ದೆ. ಚೆನ್ನಾಗಿತ್ತು. ನೀರು. ಕೇಳಿಲ್ಲಿ, ಮಗೂನ ನಾಳೆ ಸ್ಕೂಲಿಗೆ ಕಳಿಸ್ಬೇಡ. ಎರಡು ಜೊತೆ ಬಟ್ಟೆ, ಒಂದು ಸ್ವೆಟರು ಚೀಲಕ್ಕೆ ಹಾಕಿಡು. ದೋಣೀಲಿ ಗಾಳಿ ಇರುತ್ತೆ… ಯಾವ ದೋಣಿ ಅಂದ್ರೆ? ದೋಣಿ. ಬೆಳಗ್ಗೆ ಐದಕ್ಕೆ ದುಲಹಿನ್ ಬರ್ತಾಳೆ, ಅವಳ ಕೈಗೆ ಕೊಡು… ನಾನು ಹೇಳ್ತಿದ್ದೀನಿ ಅಂತ ಕೊಡು. ಅಣ್ಣನಾ? ಅಣ್ಣ ಅಲ್ಲೇ ಉಳ್ಕೊಂಡ. ಭಾನುವಾರ ಬರ್ತಾನೆ. ಪ್ರಶ್ನೆ ಕೇಳ್ಬೇಡ ಪಾರ್ಬತಿ, ನನ್ನ ತಲೆ ನೋಯ್ತಿದೆ."

ಫೋನು ಹಿಂದಕ್ಕೆ ಕೊಟ್ಟಳು. ಹನ್ನೊಂದು ವರ್ಷದಿಂದ ಅತ್ತೆ ಅವಳನ್ನು ಹೆಸರು ಹಿಡಿದು ಕರೆದವಳಲ್ಲ. ದುಲಹಿನ್, ಮದುವಣಗಿತ್ತಿ, ಎಂದೇ ಕರೆಯುತ್ತಿದ್ದಳು. ದೋಣಿಯ ವಿಷಯ ಅವಳಿಗೆ ಹೇಗೆ ಗೊತ್ತಾಯಿತೆಂದು ಸುಮಿಂತ್ರಾ ಕೇಳಲಿಲ್ಲ. ಕೊರಳ ಮೂಳೆ ಮುರಿದ ದಿನ ಎಲ್ಲರಿಗೂ ಗೊತ್ತಾಗಿತ್ತಲ್ಲ.

"ಮಾಯಿ, ನೀವು?" ಎಂದಳು. ಒಡೆದ ತುಟಿಯಿಂದ ಮಾತು ಸರಿಯಾಗಿ ಹೊರಡಲಿಲ್ಲ. "ನೀವೂ ಬನ್ನಿ."

"ನಾನೆಲ್ಲಿಗೆ ಬರ್ಲೇ?" ಬುಧ್ನಿ ತನ್ನ ಓಢಣಿಯನ್ನು ತಲೆಯ ಮೇಲೆ ಸರಿಮಾಡಿಕೊಂಡಳು. "ಭಾನುವಾರ ಅಲ್ದಿದ್ರೆ ಇನ್ನೊಂದು ವಾರ, ಪೊಲೀಸಿನೋರು ಬಿಟ್ಟ ದಿನ ಅವನು ಮನೆಗೇ ಬರ್ತಾನೆ. ಅವನ ಮುಂದೆ ನಿಂತು ಒಂದು ಮಾತು ಕೇಳೋದಿದೆ ನನಗೆ."

"ಹೊಡೀತಾನೆ ಮಾಯಿ."

"ಹೊಡೀಲಿ" ಎಂದಳು ಬುಧ್ನಿ. "ಅವನಪ್ಪನೂ ಹೊಡೀತಿದ್ದ."

ಯೂಲಿನ್ ಮಿಸ್ ಕರೆದ ಕಾರು ಬಂತು. ಬುಧ್ನಿ ಹಿಂದಿನ ಬಾಗಿಲು ತೆರೆದು, ಸೊಸೆಯ ತಲೆ ಮೇಲಿನ ತಗಡಿಗೆ ತಾಗದಂತೆ ಅಂಗೈ ಅಡ್ಡ ಹಿಡಿದು ಅವಳನ್ನು ಒಳಗೆ ಕೂರಿಸಿದಳು. ಆಮೇಲೆ ಸುತ್ತಿ ಬಂದು ಡ್ರೈವರಿನ ಪಕ್ಕ ಕೂತು, "ಗುಂಡಿ ನೋಡ್ಕೊಂಡು ಓಡ್ಸಪ್ಪ. ಇವಳಿಗೆ ಪಕ್ಕೆ ಮುರ್ದಿದೆ" ಎಂದಳು.